ಆಂಗ್ಲೋ-ಸ್ಯಾಕ್ಸನ್ ಸಾಕುಮಗಳು

ಆ ವರ್ಷ ನನ್ನ ಮಗಳು ಒಂದು ಇಡೀ ಟರ್ಮ್ ಆಂಗ್ಲೋ-ಸ್ಯಾಕ್ಸನ್ ಕಾಲದಲ್ಲಿ ಬದುಕಿದಳು. ಮೈ ಮಾತ್ರ ದುಬೈಯ ಅಲ್ ನಹ್ದಾದಲ್ಲಿ, ಎರಡು ಸಂಸಾರ ಹಂಚಿಕೊಂಡಿದ್ದ ಫ್ಲ್ಯಾಟಿನ ಒಂದು ಕೋಣೆಯಲ್ಲಿ ಇರುತ್ತಿತ್ತು. ಅವಳಿಗೆ ಆಗ ಒಂಬತ್ತು ವರ್ಷ. ಬ್ರಿಟಿಷ್ ಸಿಲಬಸ್ಸಿನ ಶಾಲೆ, ಹಾಗಾಗಿ ಇತಿಹಾಸ ಎಂದರೆ ಇಂಗ್ಲೆಂಡಿನದೇ. ತರಗತಿಯಲ್ಲಿ ಕೊಚ್ಚಿ, ಲಾಹೋರ್, ಕೈರೋ, ಮನಿಲಾ ಕಡೆಯ ಮಕ್ಕಳು. ಇಂಗ್ಲೆಂಡಿನವರೆಂದರೆ ಟೀಚರ್ ಒಬ್ಬರೇ. ಇವರೆಲ್ಲ ಸೇರಿ, ಸಾವಿರ ವರ್ಷಕ್ಕೂ ಹಿಂದೆ ಅಲ್ಲಿನ ಮಕ್ಕಳು ಬೆಳಿಗ್ಗೆ ಎದ್ದು ಏನು ತಿನ್ನುತ್ತಿದ್ದರು ಎಂದು ತಲೆ ಕೆಡಿಸಿಕೊಂಡಿದ್ದರು. ದೋಣಿಯಲ್ಲಿ ಬೇರೆ ದೇಶದಿಂದ ಬಂದು ಇಂಗ್ಲೆಂಡಿನಲ್ಲಿ ನೆಲೆಸಿದ ಜನವಂತೆ ಅವರು. ವೀಸಾ ಇಲ್ಲದೆ ಬಂದರು, ವಾಪಸ್ಸೂ ಹೋಗಲಿಲ್ಲ. ಕೇಳಿ ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು.

ನಾನೂ ಅದೇ ಶಾಲೆಯಲ್ಲಿ ಕೆಲಸಕ್ಕಿದ್ದೆ. ಧಾರವಾಡದಲ್ಲಿ ಮಾಡಿದ ಬಿ.ಎಡ್. ಪದವಿಯ ಬಲದಿಂದ, ಮೂರು ನಾಲ್ಕು ವರ್ಷದ ಮಕ್ಕಳ ಮೂಗು ಒರೆಸಿ, ಬೂಟು ಹಾಕಿ, ನೀರಿನ ಬಾಟಲಿ ಹುಡುಕಿಕೊಡುವ ಅಸಿಸ್ಟೆಂಟ್ ಆಗಿದ್ದೆ. ಆ ಕೆಲಸ ಹಿಡಿದದ್ದು ಗಂಡ ತೀರಿಕೊಂಡ ಮೇಲೆ. ಅವರು ಅಬುಧಾಬಿಯಲ್ಲಿ ಎಂಜಿನಿಯರ್. ದಿನಾ ಕಾರಿನಲ್ಲಿ ಹೋಗಿ ಬರುತ್ತಿದ್ದರು. ನಾನು ಆ ರಸ್ತೆಗೆ ಹೆದರಿ ಹೆದರಿಯೇ ವರ್ಷಗಳನ್ನು ಕಳೆದೆ. ರಸ್ತೆ ಏನೂ ಮಾಡಲಿಲ್ಲ. ಒಂದು ಬೇಸಿಗೆಯ ಮಧ್ಯಾಹ್ನ ಆಫೀಸಿನ ಕುರ್ಚಿಯಲ್ಲೇ ಎದೆ ಹಿಡಿದುಕೊಂಡು ಕೂತರಂತೆ, ಏಳಲಿಲ್ಲ.

ನನಗೆ ಅಳು ಬರಲಿಲ್ಲ. ಹುಬ್ಬಳ್ಳಿಗೆ ಅವರನ್ನು ಒಯ್ದಾಗ ಹೆಂಗಸರೆಲ್ಲ ನನ್ನ ಮುಖವನ್ನೇ ನೋಡುತ್ತ ಕೂತಿದ್ದರು, ಈಗ ಅಳುತ್ತಾಳೆ, ಇನ್ನೇನು ಅಳುತ್ತಾಳೆ ಎಂದು. ನಾನು ಎಲ್ಲರಿಗೂ ಚಹಾ ಮುಟ್ಟಿತೇ ಎಂದು ವಿಚಾರಿಸಿಕೊಂಡು ಓಡಾಡುತ್ತಿದ್ದೆ. ಹಲ್ಲು ಕೀಳುವ ಮುಂಚೆ ಇಂಜೆಕ್ಷನ್ ಕೊಟ್ಟರೆ ತುಟಿ ಇದೆಯೋ ಇಲ್ಲವೋ ತಿಳಿಯುವುದಿಲ್ಲವಲ್ಲ, ನನಗೆ ಇಡೀ ಮೈ ಹಾಗಾಗಿತ್ತು. ಒಳಗೆ ಏನೋ ಕಿತ್ತು ಹೋಗಿದೆ ಎಂದು ಗೊತ್ತಿತ್ತು, ನೋವು ಮಾತ್ರ ಬಂದಿರಲಿಲ್ಲ. ತಿಂಗಳುಗಳು ಕಳೆದರೂ ಬರಲಿಲ್ಲ. ಜನ ಅದನ್ನು ಧೈರ್ಯ ಎಂದರು. ಧೈರ್ಯವೂ ಅಲ್ಲ, ಮಣ್ಣೂ ಅಲ್ಲ.

ಆಗ ನನ್ನ ಬಾಯಲ್ಲಿ ಉಳಿದಿದ್ದ ಮಾತು ಒಂದೇ: ಸಾಕು. ಟಿವಿ ಸಾಕು. ಸ್ನಾನ ಸಾಕು, ಹೊರಗೆ ಬಾ. ಪ್ರಶ್ನೆ ಸಾಕು, ಮಲಗು. ಮಗಳು ತಬ್ಬಿಕೊಂಡರೆ ಒಂದು ಗಳಿಗೆ ಸುಮ್ಮನಿದ್ದು, ಬೆನ್ನು ತಟ್ಟಿ, ಸಾಕು ಅನ್ನುತ್ತಿದ್ದೆ. ಸಿಟ್ಟಿನಿಂದ ಹೇಳುತ್ತಿರಲಿಲ್ಲ. ಬೇರೆ ಮಾತು ಹುಡುಕಿ ತರಲು ಯಾರಿಂದಾಗುತ್ತಿತ್ತು?

ಹುಬ್ಬಳ್ಳಿಯಲ್ಲಿ ನನಗೊಬ್ಬ ಅಕ್ಕ ಇದ್ದಾಳೆ. ಮಕ್ಕಳಾಗಲಿಲ್ಲ. ಭಾವ ಬ್ಯಾಂಕಿನಲ್ಲಿದ್ದು ನಿವೃತ್ತರಾದವರು, ಸಾಧು ಮನುಷ್ಯ. ಅಕ್ಕ ವಾರಕ್ಕೆರಡು ಸಲ ಫೋನ್ ಮಾಡುತ್ತಿದ್ದಳು. ನಾನು ಕೈಯಲ್ಲಿ ಬಟ್ಟೆ ಮಡಚುತ್ತ ಫೋನನ್ನು ಸ್ಪೀಕರಿನಲ್ಲಿ ಇಟ್ಟಿರುತ್ತಿದ್ದೆ. ಪ್ರತಿ ಸಲವೂ ಅದೇ ಮಾತು.

"ಆ ಹುಡುಗಿನ್ನ ಒಂದ ಖೋಲ್ಯಾಗ ಇಟಗೊಂಡು ಏನ ಮಾಡ್ತೀ? ಇಲ್ಲೆ ಕಳಸು. ನಾ ಸಾಕ್ತೀನಿ. ನನ್ನ ಹೊಟ್ಟ್ಯಾಗ ಹುಟ್ಟಿಲ್ಲ ಅನ್ನೂದೊಂದ ಬಿಟ್ರ, ಏನ ಕಡಿಮಿ ಮಾಡ್ತೀನಿ ಹೇಳು?"

ಅವಳು ಹೇಳುವುದರಲ್ಲಿ ತಪ್ಪಿರಲಿಲ್ಲ. ಮುಂಚಿನ ಫ್ಲ್ಯಾಟು ಬಿಟ್ಟಾಗಿತ್ತು. ಈಗಿನ ಕೋಣೆಯಲ್ಲಿ ಮಂಚ, ಕಪಾಟು, ಮಗಳ ಓದುವ ಮೇಜು ಇಟ್ಟ ಮೇಲೆ ಇಬ್ಬರೂ ಒಟ್ಟಿಗೆ ನಿಲ್ಲುವಷ್ಟು ಜಾಗವಿರಲಿಲ್ಲ. ಮಗಳ ವೀಸಾವನ್ನು ನನ್ನ ಸ್ಪಾನ್ಸರ್‌ಶಿಪ್ಪಿಗೆ ಹಾಕಿಕೊಳ್ಳಲು ಶಾಲೆಯವರು ಸಹಾಯ ಮಾಡುತ್ತೇವೆ ಎಂದಿದ್ದರು, ಆದರೆ ಅದಕ್ಕೆ ಓಡಾಡಬೇಕು, ಕೇಳಬೇಕು, ಕಾಡಬೇಕು. ಬೇಡ ಅನ್ನಲಿಕ್ಕೂ ಒಂದಿಷ್ಟು ಕಸುವು ಬೇಕಾಗುತ್ತದೆ. ಒಂದು ಶುಕ್ರವಾರ ನಾನು "ಹೂಂ" ಅಂದೆ. ಅಷ್ಟೇ. ಜೂನ್ ಕೊನೆಗೆ ಶಾಲೆ ಮುಗಿದ ಕೂಡಲೇ ಹೊರಡುವ ಟಿಕೆಟ್ಟನ್ನು ಭಾವ ಅಲ್ಲಿಂದಲೇ ಬುಕ್ ಮಾಡಿಬಿಟ್ಟರು. ಮಗಳಿಗೆ ಹೋಗಲು ಬರಲು ಅಲ್ಲ, ಹೋಗಲು ಮಾತ್ರ.

ಮಗಳಿಗೆ ನಾನೇ ಹೇಳಿದೆ. ರಜೆಗೆ ದೊಡ್ಡವ್ವನ ಮನೆಗೆ ಹೋಗುತ್ತೀ, ಅಲ್ಲೇ ಶಾಲೆಗೆ ಸೇರುತ್ತೀ.

"ನೀನು?"

"ನಾನು ಇಲ್ಲೇ ಇರ್ತೀನಿ, ಕೆಲಸ ಇದೆಯಲ್ಲ."

"ಓಕೆ," ಅಂದಳು.

ಇಲ್ಲೊಂದು ಮಾತು ಹೇಳಬೇಕು. ನನ್ನ ಮಗಳು ಮಾತಾಡುವುದೆಲ್ಲ ಇಂಗ್ಲಿಷಿನಲ್ಲಿ. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. ಗಲ್ಫಿನಲ್ಲಿ ಬೆಳೆದ ನಮ್ಮ ಮಕ್ಕಳ ರೀತಿಯೇ ಅದು. ಇಲ್ಲಿ ಅವಳ ಮಾತನ್ನು ಕನ್ನಡ ಮಾಡಿ ಬರೆಯುತ್ತಿದ್ದೇನೆ, ಹಾಗಾಗಿ ಇದ್ದದ್ದಕ್ಕಿಂತ ಸ್ವಲ್ಪ ಮುದ್ದಾಗಿ ಕೇಳಿಸುತ್ತದೆ. ಕನ್ನಡ ಅವಳಿಗೆ ಅರ್ಥವಾಗುತ್ತಿತ್ತು, ಅಂದರೆ ಆಗುತ್ತದೆ ಎಂದು ನಾನು ಅಂದುಕೊಂಡಿದ್ದೆ.

ಹೊಸ ವರ್ಷ ಕಳೆದು ಶಾಲೆ ಶುರುವಾದ ಮೇಲೆ ಈ ಆಂಗ್ಲೋ-ಸ್ಯಾಕ್ಸನ್ನರು ಮನೆಗೆ ಬಂದರು. 'ಆ ಕಾಲದ ಬಾಲ್ಯ' ಎಂಬುದು ಅವಳ ಗುಂಪಿಗೆ ಕೊಟ್ಟ ವಿಷಯ. ಅದಾದ ಮೇಲೆ ನಮಗೆ ನೆಮ್ಮದಿಯಿಂದ ಉಣ್ಣುವ ಯೋಗವೂ ಹೋಯಿತು. ಆಲೂಗಡ್ಡೆ ಪಲ್ಯ ಬಡಿಸಿದರೆ, ಅವರಿಗೆ ಆಲೂಗಡ್ಡೆಯೇ ಗೊತ್ತಿರಲಿಲ್ಲ ಎಂದು ತಟ್ಟೆ ಸರಿಸುವಳು. ಟೊಮೆಟೊ ಇರಲಿಲ್ಲ, ಸಕ್ಕರೆ ಇರಲಿಲ್ಲ. ಮೆಣಸಿನಕಾಯಿಯೂ ಇರಲಿಲ್ಲ. ಮೆಣಸಿನಕಾಯಿ ಇಲ್ಲದ್ದನ್ನು ನನ್ನ ತವರಿನವರು ಕಾಲ ಅಂತಲೇ ಒಪ್ಪುವುದಿಲ್ಲ ಅಂದೆ. ನಗಲಿಲ್ಲ ಅವಳು. ಬಾರ್ಲಿ ಗಂಜಿ ಮಾಡಿಕೊಡು ಅಂದಳು. ಮಾಡಿಕೊಟ್ಟೆ. ಎರಡು ಚಮಚ ಕುಡಿದು, ಪಾಪ ಆ ಮಕ್ಕಳು, ಅಂದಳು.

ಅವರ ಮನೆಗೆ ಹೊಗೆ ಹೋಗಲು ಚಿಮಣಿ ಇರಲಿಲ್ಲವಂತೆ, ಹುಲ್ಲಿನ ಮಾಡಿನ ಸಂದಿಯಲ್ಲೇ ಹೋಗಬೇಕು. ಶಾಲೆ ಇರಲಿಲ್ಲ. ಗಂಡುಮಕ್ಕಳು ಹೊಲದಲ್ಲಿ ಹಕ್ಕಿ ಓಡಿಸಬೇಕು, ಹೆಣ್ಣುಮಕ್ಕಳು ಉಣ್ಣೆ ನೂಲಬೇಕು, ಎಲ್ಲರೂ ಕಟ್ಟಿಗೆ ತರಬೇಕು. ಆಟಕ್ಕೆ ಮರದ ಕುದುರೆ, ಎಲುಬಿನ ದಾಳ. ಈ ಎಲುಬಿನಿಂದ ಒಂದು ಸಣ್ಣ ರಗಳೆಯಾಯಿತು. ನಮ್ಮದು ಮೊಟ್ಟೆಯನ್ನೂ ಮುಟ್ಟದ ಮನೆ. ಪಕ್ಕದ ಕೋಣೆಯಲ್ಲಿ ಉಡುಪಿ ಕಡೆಯ ಗಂಡ ಹೆಂಡತಿ ಇದ್ದರು, ಮನೆಯಲ್ಲಿ ತುಳು ಮಾತಾಡುವವರು. ಅಡುಗೆಮನೆ ಇಬ್ಬರಿಗೂ ಒಂದೇ. ಮಗಳು ಆಕೆಯ ಕೋಳಿಸಾರಿನ ಎಲುಬುಗಳನ್ನು ಕೇಳಿ ಪಡೆದು, ತೊಳೆದು, ನನ್ನ ಕಿಟಕಿಯಲ್ಲಿ ಒಣಗಿಸಿದ್ದಳು.

"ಎಂತ ಮಾರಾಯ್ರೆ, ನಿಮ್ಮ ಮಗಳು ನಾನು ಊಟ ಮಾಡುವಾಗ ಎದುರು ಬಂದು ಕೂತುಕೊಳ್ಳುತ್ತಾಳೆ. ಎಲುಬು ಚೀಪಬೇಡಿ ಆಂಟಿ, ಹಾಳಾಗ್ತದೆ ಅಂತಾಳೆ," ಎಂದು ಉಡುಪಿಯಾಕೆ ನಕ್ಕರು. ನಾನೂ ನಗಬೇಕಿತ್ತು. ನಗುವ ಜಾಗ ಎಲ್ಲಿದೆ ಎಂದು ಗೊತ್ತಾಯಿತು, ಆದರೆ ಹೋಗಿ ಮುಟ್ಟಲಾಗಲಿಲ್ಲ.

ಟರ್ಮಿನ ಕೊನೆಗೆ ಅಸೆಂಬ್ಲಿ. ಮಕ್ಕಳು ಆ ಕಾಲದ ವೇಷದಲ್ಲಿ ಬಂದು ಪೋಷಕರ ಮುಂದೆ ತಮ್ಮ ತಮ್ಮ ವಿಷಯ ಹೇಳಬೇಕು. ಹುಡುಗಿಗೆ ಮೊಣಕಾಲ ಕೆಳಗೆ ಬರುವ ಕಂದು ಅಂಗಿ, ನಡುವಿಗೊಂದು ಪಟ್ಟಿ. ನನ್ನ ಗಂಡನದೊಂದು ಕಂದು ಖಾದಿ ಕುರ್ತಾ ಇತ್ತು. ಅದನ್ನು ಅಡುಗೆಮನೆಯ ಮೇಜಿನ ಮೇಲೆ ಹರವಿ ತೋಳಿಗೆ ಕತ್ತರಿ ಹಾಕಿದೆ. ಉಡುಪಿಯಾಕೆ ದೋಸೆ ಹುಯ್ಯುತ್ತಿದ್ದವರು ಸೌಟು ಹಿಡಿದುಕೊಂಡೇ ನಿಂತುಬಿಟ್ಟರು.

"ಅಯ್ಯೋ, ಅವರ ಅಂಗಿ ಅಲ್ಲವಾ ಅದು? ಹೊಸ ಬಟ್ಟೆ ತರಬಹುದಿತ್ತಲ್ಲ."

"ಅಳತೆ ಸರಿ ಹೋಗುತ್ತೆ," ಅಂದೆ.

ಬಟ್ಟೆಯ ಸದ್ದು ಕಿವಿಗೆ ಬಿತ್ತು. ಏನೂ ಆಗಲಿಲ್ಲ. ಅಂಚು ಹೊಲಿದು, ಇಸ್ತ್ರಿ ಮಾಡಿ ಮಗಳಿಗೆ ಹಾಕಿ ನೋಡಿದೆ. ಚೆನ್ನಾಗಿ ಕೂತಿತು.

ಅದೇ ವಾರ ಮಗಳು ಹೊಸದೊಂದು ಸುದ್ದಿ ತಂದಳು. ಆ ಕಾಲದಲ್ಲಿ ಕೆಲವು ಮನೆಗಳವರು, ಮುಖ್ಯವಾಗಿ ದೊಡ್ಡ ಮನೆತನದವರು, ಏಳು ವರ್ಷಕ್ಕೆಲ್ಲ ಮಕ್ಕಳನ್ನು ಇನ್ನೊಂದು ಮನೆಗೆ ಕಳಿಸಿಬಿಡುತ್ತಿದ್ದರಂತೆ. ಅಲ್ಲೇ ಉಂಡು, ಅಲ್ಲೇ ಕೆಲಸ ಕಲಿತು, ಅಲ್ಲೇ ದೊಡ್ಡವರಾಗಬೇಕು. ಕೆಲವರನ್ನು ಮಠಕ್ಕೂ ಕೊಡುತ್ತಿದ್ದರು.

"ನಾನು ಎರಡು ವರ್ಷ ಲೇಟ್," ಅಂದಳು.

ನಾನು ಈರುಳ್ಳಿ ಹೆಚ್ಚುತ್ತಿದ್ದೆ. ಈರುಳ್ಳಿಗೂ ಆಗ ನನ್ನ ಕಣ್ಣಲ್ಲಿ ನೀರು ತರಿಸಲಾಗುತ್ತಿರಲಿಲ್ಲ ಅಂದರೆ ಸುಳ್ಳಾದೀತು. ಅಷ್ಟು ನೀರು ಬರುತ್ತಿತ್ತು.

"ಅವರ ಅಮ್ಮಂದಿರು ನೋಡೋಕೆ ಹೋಗ್ತಿದ್ರಾ?" ಎಂದು ಕೇಳಿದಳು.

"ಪುಸ್ತಕದಲ್ಲಿ ಏನಿದೆ?"

"ಪುಸ್ತಕದಲ್ಲಿ ಇಲ್ಲ."

ಸ್ವಲ್ಪ ಹೊತ್ತಿನ ಮೇಲೆ, ಹಾಗೆ ಬೇರೆಯವರ ಮನೆಯಲ್ಲಿ ಬೆಳೆಯುವ ಹುಡುಗಿಗೆ ಕನ್ನಡದಲ್ಲಿ ಏನಂತಾರೆ ಎಂದಳು. ಪ್ರತಿಯೊಬ್ಬರೂ ತಮ್ಮ ಮನೆಮಾತಿನ ಪದ ತರಬೇಕೆಂದು ಟೀಚರ್ ಹೇಳಿದ್ದರಂತೆ. ನಾನು ತಲೆ ಎತ್ತದೆ "ಸಾಕುಮಗಳು" ಅಂದೆ. ಅವಳು ಇನ್ನೊಮ್ಮೆ ಕೇಳಿದಳು. ಬಿಡಿಸಿ ಹೇಳಿದೆ, ಸಾಕು, ಮಗಳು. ಅವಳು ಒಂದು ಕ್ಷಣ ಅಲ್ಲೇ ನಿಂತಿದ್ದು, ಓಕೆ ಎಂದು ಹೋದಳು. ಅಕ್ಕಿ ತೊಳೆಯಬೇಕಿತ್ತು, ನಾನು ಅಕ್ಕಿ ತೊಳೆದೆ.

ಅಸೆಂಬ್ಲಿಯ ದಿನ ನಮ್ಮ ಸೆಕ್ಷನ್ನಿನ ಮೇಲಿನವರಿಗೆ ಹೇಳಿ ಹಾಲ್‌ಗೆ ಹೋದೆ. ಅಪ್ಪ ಅಮ್ಮಂದಿರು ಆಗಲೇ ಫೋನುಗಳನ್ನು ಎತ್ತಿ ಹಿಡಿದಿದ್ದರು. ವೇದಿಕೆಯ ಮೇಲೆ ರಟ್ಟಿನ ಕತ್ತಿಗಳು, ಉಣ್ಣೆಯ ಗಡ್ಡಗಳು. ಒಬ್ಬ ಹುಡುಗ ತನ್ನ ಗಡ್ಡವನ್ನೇ ಬಾಯಲ್ಲಿ ಹಾಕಿಕೊಂಡು ಜಗಿಯುತ್ತಿದ್ದ. ನನ್ನ ಮಗಳ ಸರದಿ ಬಂತು. ಕುರ್ತಾದ ಅಂಗಿಯಲ್ಲಿ ನೆಟ್ಟಗೆ ನಿಂತು, ಮೈಕಿನಲ್ಲಿ, ಒಳ್ಳೆ ಇಂಗ್ಲಿಷಿನಲ್ಲಿ ಶುರು ಮಾಡಿದಳು. ಗಂಜಿ, ಹೊಗೆ, ದಾಳ ಎಲ್ಲ ಆಯಿತು. ಕೊನೆಗೆ ಬೇರೆ ಮನೆಗೆ ಕಳಿಸುವ ವಿಷಯ.

"ನಮ್ಮ ಭಾಷೆಯಲ್ಲಿ ಅಂಥ ಹುಡುಗಿಗೆ ಸಾಕುಮಗಳು ಅಂತಾರೆ. ಮಗಳು ಅಂದರೆ ಡಾಟರ್. ಸಾಕು ಅಂದರೆ ಇನಫ್. ಅಮ್ಮನಿಗೆ ಮಗಳು ಸಾಕು ಅನ್ನಿಸಿದಾಗ ಬೇರೆಯವರಿಗೆ ಕೊಡ್ತಾರೆ. ಅದರಲ್ಲಿ ಬೇಜಾರು ಮಾಡಿಕೊಳ್ಳೋದು ಏನಿಲ್ಲ. ಆಂಗ್ಲೋ-ಸ್ಯಾಕ್ಸನ್ ಅಮ್ಮಂದಿರೂ ಹಾಗೇ ಮಾಡ್ತಿದ್ದರು."

ಟೀಚರ್ ನಗುನಗುತ್ತ ತಲೆಯಾಡಿಸಿದರು. ಎಂಥ ಸೊಗಸಾದ ಪದ ಎಂಬಂತೆ ನನ್ನ ಪಕ್ಕದ ಈಜಿಪ್ಟಿನ ತಾಯಿ ನನ್ನತ್ತ ತಿರುಗಿ ಮುಗುಳ್ನಕ್ಕಳು. ಹಾಲ್ ತುಂಬಾ ಚಪ್ಪಾಳೆ. ಅಷ್ಟು ಜನರಲ್ಲಿ ಕನ್ನಡ ಬಲ್ಲವಳು ನಾನೊಬ್ಬಳೇ. ಎದ್ದು ನಿಂತು, ಅದು ಹಾಗಲ್ಲ, ತಪ್ಪಾಯಿತು ಎನ್ನಬಹುದಿತ್ತು. ನನ್ನ ಕೈಗಳೂ ಚಪ್ಪಾಳೆ ತಟ್ಟುತ್ತಿದ್ದವು. ಅವನ್ನು ನಿಲ್ಲಿಸಬೇಕೆಂದು ನನಗೆ ಹೊಳೆಯಲಿಲ್ಲ.

ಆಮೇಲೆ ನನ್ನ ತರಗತಿಗೆ ಹೋಗಿ ಮಧ್ಯಾಹ್ನದವರೆಗೆ ಬಣ್ಣದ ನೀರು ಒರೆಸಿದೆ. ತಲೆಯಲ್ಲಿ ಒಂದೇ ಯೋಚನೆ ಗಿರಕಿ ಹೊಡೆಯುತ್ತಿತ್ತು. ಅವಳು ಹೇಳಿದ್ದು ತಪ್ಪು ಹೇಗೆ? ಆ ಮಾತನ್ನು ಅವಳಿಗೆ ಕಲಿಸಿದವಳು ನಾನೇ ತಾನೇ. ದಿನಕ್ಕೆ ಇಪ್ಪತ್ತು ಸಲ, ಇನಫ್ ಎಂಬ ಅರ್ಥದಲ್ಲೇ. ಅಕ್ಕ ಫೋನಿನಲ್ಲಿ ಸಾಕ್ತೀನಿ, ಸಾಕ್ತೀನಿ ಅನ್ನುವುದನ್ನು ಅವಳು ಮಂಚದ ಮೇಲೆ ಮಲಗಿ ಕೇಳಿಸಿಕೊಂಡಿದ್ದಳು. ಒಂದಕ್ಕೊಂದು ಕೂಡಿಸಿ ಅರ್ಥ ಮಾಡಿಕೊಂಡಿದ್ದಳು. ಜಾಣೆ. ಅಮ್ಮನಿಗೆ ತಾನು ಸಾಕಾಗಿದ್ದೇನೆ, ಅದಕ್ಕೊಂದು ಪದವೂ ಇದೆ, ಚರಿತ್ರೆಯೂ ಇದೆ, ಹಾಗಾಗಿ ಅಳುವಂಥದ್ದೇನಲ್ಲ. ಇಷ್ಟನ್ನು ಎದೆಯಲ್ಲಿಟ್ಟುಕೊಂಡೇ ಅವಳು ಅಷ್ಟು ದಿನ ನನ್ನ ಪಕ್ಕ ಮಲಗಿದ್ದಳು.

ಸಂಜೆ ಅಡುಗೆಮನೆಯಲ್ಲಿ ಉಡುಪಿಯಾಕೆ ಒಗ್ಗರಣೆಗೆ ಎಣ್ಣೆ ಇಟ್ಟಿದ್ದರು. ಮಗಳು ಅಲ್ಲೇ ಕಟ್ಟೆಯ ಮೇಲೆ ಕೂತು ಬಿಸ್ಕೆಟ್ ತಿನ್ನುತ್ತಿದ್ದಳು. ಅಂಗಿ ಇನ್ನೂ ಬಿಚ್ಚಿರಲಿಲ್ಲ.

"ಸಾಕು ಅನ್ನೋದಕ್ಕೆ ಎರಡು ಅರ್ಥ ಇದೆ," ಅಂದೆ. "ಒಂದು, ಇನಫ್. ಇನ್ನೊಂದು, ಊಟ ಹಾಕಿ, ಬಟ್ಟೆ ಹಾಕಿ, ಜ್ವರ ಬಂದಾಗ ನೋಡಿಕೊಂಡು ಬೆಳೆಸೋದು. ಸಾಕುಮಗಳು ಅಂದರೆ ಎರಡನೆಯದು. ಬೆಳೆಸಿದ ಮಗಳು. ದೊಡ್ಡವ್ವ ಸಾಕ್ತೀನಿ ಅಂದಿದ್ದೂ ಅದೇ."

ಅವಳು ಜಗಿಯುವುದನ್ನು ನಿಲ್ಲಿಸಿದಳು. "ಒಂದೇ ಪದಾನಾ?"

"ಒಂದೇ."

"ತುಂಬಾ ಕೆಟ್ಟ ಐಡಿಯಾ ಅದು."

"ನಮ್ಮ ತುಳುವಿನಲ್ಲಿ ಈ ಗಲಾಟೆ ಇಲ್ಲ," ಎಂದರು ಉಡುಪಿಯಾಕೆ ಬಾಣಲೆಯ ಕಡೆ ನೋಡುತ್ತಲೇ. "ಯಾವು ಅಂದರೆ ಇನಫ್. ಸಾಕುವುದಕ್ಕೆ ಸಾಂಕುನಿ. ಬೇರೆ ಬೇರೆ ಉಂಟು."

ಮಗಳು ಇದನ್ನೆಲ್ಲ ಯೋಚಿಸಿದಳು. ನಾಯಿ ಸಾಕುವುದು ಎಂದರೂ ಇದೇನಾ? ಹೌದು. ಬೆಕ್ಕು? ಹೌದು. ನಾನು ಬೆಕ್ಕನ್ನು ಸಾಕಿದರೆ ಏನನ್ನಬೇಕು? ನಾನು ಸಾಕ್ತೀನಿ. ಆಂಟಿ ಸಾಕಿದರೆ? ಆಂಟಿ ಸಾಕ್ತಾರೆ. ನಾನು ಸಹನೆಯಿಂದ ಹೇಳುತ್ತ ಹೋದೆ. ತರಗತಿಯಲ್ಲಿ ಹೇಳಿಕೊಟ್ಟು ಬಂದ ಅಭ್ಯಾಸ.

"ಯಾರಿಗಾದರೂ ಅದನ್ನ ಮಾಡು ಅಂತ ಹೇಳಬೇಕಾದರೆ? ಬಾ, ಹೋಗು, ತಿನ್ನು ಅಂತೀವಲ್ಲ, ಹಾಗೆ?"

"ಸಾಕು."

"ಮತ್ತೆ ಅದೇನಾ?"

"ಮತ್ತೆ ಅದೇ."

ಅವಳು ಬಿಸ್ಕೆಟ್ಟನ್ನು ಪಕ್ಕಕ್ಕಿಟ್ಟು, ಕಟ್ಟೆಯಿಂದ ಇಳಿದು ನನ್ನ ಎದುರು ಬಂದು ನಿಂತಳು. ಅಸೆಂಬ್ಲಿಯಲ್ಲಿ ನಿಂತಿದ್ದ ಹಾಗೆಯೇ ನೆಟ್ಟಗೆ. ಮೊದಲು ಬಾಯಿಯೊಳಗೇ ಒಂದು ಸಲ ಹೇಳಿಕೊಂಡಳು, ಸರಿಯಿದೆಯೋ ಎಂದು. ಆಮೇಲೆ ಕನ್ನಡದಲ್ಲಿ, ಪೂರ್ತಿ ಕನ್ನಡದಲ್ಲಿ ಹೇಳಿದಳು.

"ಅಮ್ಮಾ, ನೀನೇ ಸಾಕು."

ಉಡುಪಿಯಾಕೆ ಗ್ಯಾಸ್ ಆರಿಸಿ ಹೊರಗೆ ಹೋದರು. ಸಾಸಿವೆ ಡಬ್ಬಿ ತೆರೆದೇ ಇತ್ತು. ಆಗಲೂ ನನಗೆ ಅಳು ಬರಲಿಲ್ಲ. ಬಂತೆಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಬರಲಿಲ್ಲ. ಏನು ಮಾಡಬೇಕೆಂಬುದು ಮಾತ್ರ ತಿಳಿಯಿತು. ಹೂಂ ಅಂದೆ. ಅವಳ ಎದುರಿಗೇ ಫೋನ್ ತೆಗೆದು ಅಕ್ಕನ ನಂಬರ್ ಒತ್ತಿದೆ. ಸ್ಪೀಕರಿನಲ್ಲೇ ಇಟ್ಟೆ.

"ಅಕ್ಕಾ, ಹುಡುಗಿನ್ನ ಕಳಸೂದಿಲ್ಲ. ಇಲ್ಲೇ ಇಟಗೊಂತೀನಿ."

ಲೈನ್ ಹೋಯಿತೇ ಎಂದು ಪರದೆ ನೋಡಿದೆ. ಹೋಗಿರಲಿಲ್ಲ. ಬೈಯುತ್ತಾಳೆ, ನಿನಗೆ ತಲೆ ಕೆಟ್ಟದೇನು ಅನ್ನುತ್ತಾಳೆ ಎಂದು ಕಾದೆ. ಅದಕ್ಕೆ ಉತ್ತರವನ್ನೂ ಹೊಂದಿಸಿಕೊಂಡಿದ್ದೆ.

"ಹೌದು, ತಾಯಿ ಹತ್ರ ಇದ್ರನ ಚೊಲೊ," ಅಂದಳು ಅಕ್ಕ. "ಚೊಲೊ ಮಾಡಿದಿ. ಏನಿಲ್ಲ, ಮೊನ್ನೆ ಒಂದ ಸೈಕಲ್ ತಂದಿದ್ದೆ. ಸಣ್ಣದು, ಮುಂದ ಬುಟ್ಟಿ ಐತಿ. ದಿನಾ ಮುಂಜಾನೆ ಒರಸಿ ಇಡ್ತಿದ್ದೆ. ಇರ್ಲಿ ಬಿಡು, ಬಾಜೂ ಮನಿ ಹುಡುಗಿಗೆ ಕೊಟ್ರಾತು. ನಿಮ್ಮದ ಊಟ ಆತೇನು?"

ಇನ್ನೂ ಇಲ್ಲ ಎನ್ನಲು ಬಾಯಿ ತೆರೆದೆ. ಅದರ ಬದಲು ಬೇರೇನೋ ಹೊರಗೆ ಬಂತು, ನನ್ನದೇ ಎಂದು ನನಗೇ ಗೊತ್ತಾಗದಂಥ ದನಿ. ಕುರ್ಚಿಯೂ ಸಿಗದೆ ನೆಲದ ಮೇಲೆ ಕೂತುಬಿಟ್ಟೆ. ಸತ್ತವರಿಗಾಗಿಯೋ, ಅಕ್ಕನಿಗಾಗಿಯೋ, ಗೊತ್ತಿಲ್ಲ, ಒಂದೇ ಸಮನೆ ಅತ್ತೆ. ಫೋನಿನೊಳಗೆ ಅಕ್ಕನೂ ಅಳುತ್ತಿದ್ದಳು, "ಅಳು, ಅಳು, ಈಗರ ಅಳು," ಅನ್ನುತ್ತ. ಮಗಳು ಹತ್ತಿರ ಬಂದು ಪಕ್ಕದಲ್ಲಿ ಕೂತಳು. ನನ್ನ ಬೆನ್ನ ಮೇಲೆ ಕೈಯಿಟ್ಟು ತಟ್ಟುತ್ತಿದ್ದಳು, ನಿಲ್ಲಿಸು ಎಂದು ಹೇಳಲಿಲ್ಲ.